ಸೂತಕದಲ್ಲಿ ಹಚ್ಚಿದ ಎಣ್ಣೆ

ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ನನ್ನ ಬ್ಯೂಟಿ ಪಾರ್ಲರ್. ಹುಬ್ಬು ತೆಗೆಯುವವರು, ಕೂದಲು ಕತ್ತರಿಸುವವರು ಎಲ್ಲ ಕಡೆ ಇದ್ದಾರೆ. ನನ್ನಲ್ಲಿಗೆ ಬರುವುದು ತಲೆಗೆ ಎಣ್ಣೆ ತಿಕ್ಕಿಸಿಕೊಳ್ಳಲಿಕ್ಕೆ. ಬಿಸಿ ತೆಂಗಿನೆಣ್ಣೆ ಹಚ್ಚಿ, ನೆತ್ತಿಯಿಂದ ಕಿವಿಯ ಹಿಂದಕ್ಕೆ, ಅಲ್ಲಿಂದ ಕುತ್ತಿಗೆಗೆ ಬೆರಳು ಇಳಿಸಿದರೆ ಎಂಥ ಜೋರಿನ ಹೆಂಗಸೂ ಐದು ನಿಮಿಷದಲ್ಲಿ ಮೆತ್ತಗಾಗುತ್ತಾಳೆ. ಆದರೆ ಯಾರೂ ನನ್ನ ಮುಖ ನೋಡುವುದಿಲ್ಲ. ಕಣ್ಣು ಮುಚ್ಚಿರುತ್ತಾರಲ್ಲ! ಗಂಡನನ್ನು ಬಿಟ್ಟು ಪಾಣೆಮಂಗಳೂರಿನಿಂದ ಬಂದವಳು ನಾನು, ಮೇಲಿನ ಕೋಣೆಯಲ್ಲಿ ಒಬ್ಬಳೇ ಇದ್ದೇನೆ. ದಿನವಿಡೀ ಊರವರ ತಲೆ ಮುಟ್ಟುತ್ತೇನೆ. ನನ್ನನ್ನು ಮುಟ್ಟುವವರು ಯಾರೂ ಇಲ್ಲ.

ಬೆಳುವಾಯಿಯ ಅಕ್ಕ ಮಾತ್ರ ಬೇರೆ. ಐವತ್ತು ದಾಟಿದ ಹೆಂಗಸು, ಪ್ರತಿ ಬುಧವಾರ ಹನ್ನೊಂದರ ಬಸ್ಸಿಗೆ ಬರುತ್ತಿದ್ದರು. ಒಮ್ಮೆ ಎಣ್ಣೆ ಹಚ್ಚಿಸಿಕೊಂಡು ಎದ್ದವರು, "ಇನ್ನು ನೀನು ಕೂತ್ಕೊ ಮಾರಾಯ್ತಿ" ಎಂದು ನನ್ನನ್ನೇ ಕುರ್ಚಿಯಲ್ಲಿ ಕೂರಿಸಿ ತಲೆ ತಿಕ್ಕಿದರು. ಅವರಿಗೆ ಸರಿಯಾಗಿ ತಿಕ್ಕಲು ಬರುತ್ತಿರಲಿಲ್ಲ, ಕೂದಲು ಎಳೆದು ನೋವಾಯಿತು. ನಾನು ಗಳಗಳನೆ ಅತ್ತೆ. ಅಂದಿನಿಂದ ನನಗೆ ವಾರವೆಂದರೆ ಬುಧವಾರ.

ಮೊನ್ನೆ ಮಳೆಗಾಲದಲ್ಲಿ ಒಂದು ಬುಧವಾರ ಅಕ್ಕ ಒಳಗೆ ಬಂದವರೇ ಬಾಗಿಲು ಹಾಕಿದರು.

"ಅತ್ತೆ ತೀರಿಹೋಗಿ ಆರು ದಿನ ಆಯ್ತು. ಮದ್ದಿನಂಗಡಿಗೆ ಅಂತ ಹೇಳಿ ಬಂದಿದ್ದೇನೆ. ನಿದ್ದೆಯೇ ಇಲ್ಲ. ಸ್ವಲ್ಪ ಎಣ್ಣೆ ಹಚ್ಚು, ಯಾರಿಗೂ ಹೇಳ್ಬೇಡ."

ಸೂತಕ ಮುಗಿಯುವವರೆಗೆ ಮನೆಯವರು ತಲೆಗೆ ಎಣ್ಣೆ ಮುಟ್ಟಿಸುವಂತಿಲ್ಲ. ಗೊತ್ತಿದ್ದೇ ಹಚ್ಚಿದೆ. ಹಾಸಿಗೆ ಹಿಡಿದ ಅತ್ತೆಯ ಚಾಕರಿಯನ್ನು ಒಂಬತ್ತು ವರ್ಷ ಮಾಡಿದವರು ನನ್ನ ಕೈಕೆಳಗೆ ಬಿಕ್ಕಿಬಿಕ್ಕಿ ಅತ್ತರು. ಆಮೇಲೆ ತಲೆ ತೊಳೆದು, ಒಣಗಿಸಿ, ಎಣ್ಣೆಯ ವಾಸನೆ ಬಾರದಂತೆ ಮಾಡಿ ಕಳಿಸಿದೆ.

ಹದಿಮೂರನೆಯ ದಿನ ಸೂತಕ ಕಳೆಯುವ ಬೊಜ್ಜದ ಊಟ. ಅದರ ಮುನ್ನಾದಿನ ಅಕ್ಕನ ನೆರೆಮನೆಯ ಹೆಂಗಸು ನನ್ನ ಕುರ್ಚಿಯಲ್ಲಿದ್ದಳು.

"ಅತ್ತೆ ಸತ್ತರೂ ಅವಳಿಗೆ ಒಂದು ಹನಿ ಕಣ್ಣೀರಿಲ್ಲ ಮಾರಾಯ್ತಿ. ಪೀಡೆ ತೊಲಗಿತು ಅಂತ ಖುಷಿ ಉಂಟು, ನೋಡಿದ್ರೆ ಗೊತ್ತಾಗ್ತದೆ."

ನನಗೆ ಪಿತ್ತ ನೆತ್ತಿಗೇರಿತು. ಮೊದಲೇ ನನ್ನದು ಹಾಳು ಬಾಯಿ.

"ಬಾಯಿಗೆ ಬಂದ ಹಾಗೆ ಮಾತಾಡ್ಬೇಡಿ! ಹೋದ ಬುಧವಾರ ಇದೇ ಕುರ್ಚಿಯಲ್ಲಿ ಎಣ್ಣೆ ಹಚ್ಚಿಸಿಕೊಳ್ಳುವಾಗ ಎಷ್ಟು ಅತ್ತಿದ್ದಾರೆ ಅಂತ ನಾನು ನೋಡಿದ್ದೇನೆ!"

ಅವಳು ಕಣ್ಣು ತೆರೆದಳು. "ಎಣ್ಣೆಯಾ? ಸೂತಕದಲ್ಲಿ?"

ನನ್ನ ಕೈ ಅವಳ ನೆತ್ತಿಯ ಮೇಲೆಯೇ ನಿಂತಿತು. ಅಲ್ಲ, ಅದು ಅದಕ್ಕೂ ಹಿಂದಿನ ವಾರ ಎಂದು ಏನೇನೋ ಬಡಬಡಿಸಿದೆ. ಯಾರು ನಂಬುತ್ತಾರೆ? ಅವಳು ತಲೆ ಕೂಡ ಪೂರ್ತಿ ತಿಕ್ಕಿಸಿಕೊಳ್ಳದೆ ಎದ್ದು ಹೋದಳು.

ಆಮೇಲೆ ಮೂರು ಬುಧವಾರ ಹನ್ನೊಂದರ ಬಸ್ಸು ಬಂತು, ಅಕ್ಕ ಬರಲಿಲ್ಲ. ಬೇರೆ ಗಿರಾಕಿಗಳನ್ನು ಆ ಹೊತ್ತಿಗೆ ಕೂರಿಸಲೂ ನನಗೆ ಮನಸ್ಸಾಗಲಿಲ್ಲ. ನಾಲ್ಕನೆಯ ವಾರ ಬಸ್‌ಸ್ಟ್ಯಾಂಡಿನಲ್ಲೇ ಸಿಕ್ಕಿದರು, ಕೈಯಲ್ಲಿ ತರಕಾರಿ ಚೀಲ. ಓಡಿಹೋಗಿ ಕೈ ಹಿಡಿದೆ.

"ತಪ್ಪಾಯ್ತು ಅಕ್ಕ. ನಿಮ್ಮ ಪರವಾಗಿ ಹೇಳ್ಲಿಕ್ಕೆ ಹೋಗಿ ಬಾಯಿ ತಪ್ಪಿತು."

"ಗೊತ್ತುಂಟು. ಬೊಜ್ಜದ ದಿನ ಊಟದ ಎಲೆಯ ಮುಂದೆ ಕೂತವರ ಎದುರೇ, ಸೂತಕದಲ್ಲಿ ಎಣ್ಣೆ ಹಚ್ಚಿಸಿಕೊಂಡದ್ದು ಹೌದಾ ಅಂತ ಮನೆಯವರು ನನ್ನನ್ನು ಕೇಳಿದ್ರು." ಅಕ್ಕ ಮೆಲ್ಲಗೆ ಕೈ ಬಿಡಿಸಿಕೊಂಡರು. "ನಿನ್ನ ಮೇಲೆ ಕೋಪ ಇಲ್ಲ ಮಾರಾಯ್ತಿ. ಆದ್ರೆ ಇನ್ನು ನಿನ್ನ ಹತ್ರ ಅಳ್ಲಿಕ್ಕೆ ನನಗೆ ಧೈರ್ಯ ಇಲ್ಲ."

ಬಸ್ಸು ಬಂತು. ಹತ್ತುವಾಗ ಅವರ ತಲೆ ನೋಡಿದೆ. ಅಷ್ಟು ವಾರಗಳಿಂದ ಅದಕ್ಕೆ ಯಾರೂ ಎಣ್ಣೆ ಮುಟ್ಟಿಸಿರಲಿಲ್ಲ.