ಮರುಭೂಮಿಯಾಗಿದ್ದ ಎತ್ತು

ಟ್ರಂಕಿನಲ್ಲಿ ಶಾಲು ಹುಡುಕುವಾಗ ಹಳೆಯ ಫ್ರೇಮೊಂದು ಸಿಕ್ಕಿತು. ಮೊಮ್ಮಗಳು ಎತ್ತಿ ಹಿಡಿದಳು. ಕೆಳಗಿನ ಅಂಚಿನಲ್ಲಿ ಕಂದಿದ ಕುಂಕುಮದ ಬೊಟ್ಟು.

"ಎಂಥಾ ಚಂದ ಡೆಸರ್ಟ್ ಐತಿ ಅಜ್ಜಿ. ನಮ್ಮ ಗ್ರೂಪ್ ಶೋಕ್ಕ ಕೊಡ್ತಿಯೇನು?"

ಅವಳೂ ಗೆಳತಿಯರೂ ಸೇರಿ ಪ್ರದರ್ಶನ ಮಾಡುತ್ತಾರಂತೆ. ಲೆನ್ಸ್ ಬೇಸ್ಡ್ ಆರ್ಟ್! ನಮ್ಮ ಕಾಲದಲ್ಲಿ ಅದಕ್ಕೆ ಫೋಟೋ ಎನ್ನುತ್ತಿದ್ದೆವು.

ಎಪ್ಪತ್ತರ ದಶಕದಲ್ಲಿ ವಿಜಾಪುರದಲ್ಲಿ ನಾವೂ ಒಂದು ಗ್ರೂಪ್ ಶೋ ಮಾಡಿದ್ದೆವು ನೋಡಿ. ಮೂವರು ಗಂಡಸರು ಮತ್ತು ನಾನು. ಮೂವರೂ ಗೋಳಗುಮ್ಮಟವನ್ನೇ ತೆಗೆದಿದ್ದರು: ಬೆಳಗಿನ ಗುಮ್ಮಟ, ಸಂಜೆಯ ಗುಮ್ಮಟ, ಆಡಿನ ಹಿಂದಿನ ಗುಮ್ಮಟ. ಕಾನ್ವೆಂಟಿನಲ್ಲಿ ಓದಿದವಳು ಗುಮ್ಮಟ ತೆಗೆಯುವುದೇ? ನಾನು ಮಾಡರ್ನ್ ಆಗಬೇಕಿತ್ತು. ಹತ್ತಿರದ ಕಳ್ಳಕವಟಗಿ ಹಳ್ಳಿಗೆ ಹೋಗಿ, ಮಲ್ಲಪ್ಪ ಎಂಬ ರೈತರ ಬಿಳಿ ಎತ್ತಿನ ಪಕ್ಕ ಹೆಚ್ಚುಕಡಿಮೆ ಮಲಗಿಯೇ, ಅದರ ಹೊಟ್ಟೆಯನ್ನಷ್ಟೇ ಕ್ಲೋಸಪ್ ತೆಗೆದೆ. ಎತ್ತು ಬಾಲದಿಂದ ನನ್ನ ಕನ್ನಡಕ ಹಾರಿಸಿತು.

ಪ್ರಿಂಟ್ ಬಂದಾಗ ಯಾವುದು ಮೇಲೆ, ಯಾವುದು ಕೆಳಗೆ ಎಂದು ನನಗೇ ತಿಳಿಯಲಿಲ್ಲ. ಸ್ಟುಡಿಯೋದ ಖಾದರ್‌ಭಾಯಿಯವರನ್ನು ಕೇಳಿದೆ.

"ನಿಮಗಽ ಗೊತ್ತಿಲ್ಲಂದ್ರ ನೋಡೋರಿಗೇನ್ ಗೊತ್ತಾಕ್ಕೈತ್ರಿ ಬಾಯಾರ," ಎಂದು ಅವರೇ ಮೊಳೆ ಹೊಡೆದು ತೂಗುಹಾಕಿದರು.

ಉದ್ಘಾಟನೆಗೆ ಬಂದ ಮುಖ್ಯ ಅತಿಥಿಗಳು ಅದರೆದುರು ನಿಂತು ಮೈಮರೆತರು. ಇದು ಮರುಭೂಮಿಯ ಏಕಾಂತವಂತೆ. ಕೂದಲಿನ ಸುಳಿ ಮರಳಿನ ಮೇಲಿನ ಸುಂಟರಗಾಳಿಯಂತೆ. ಮರುದಿನ ಕೊಡಲಿದ್ದ ಬಹುಮಾನದ ಕಪ್ಪು ನನಗೇ ಎಂಬಂತೆ ಕಣ್ಣು ಮಿಟುಕಿಸಿದರು. ಸುಳ್ಳು ಹೇಳಬಾರದೆಂದು ಸಿಸ್ಟರುಗಳು ಹನ್ನೆರಡು ವರ್ಷ ಕಲಿಸಿದ್ದರು. ನಾನು ಸುಳ್ಳು ಹೇಳಲಿಲ್ಲ. ಥ್ಯಾಂಕ್ಯೂ ಎಂದೆ, ಅಷ್ಟೆ.

ಮರುದಿನ ಮಲ್ಲಪ್ಪ ಹೆಂಡತಿ ಶಾಂತವ್ವನೊಂದಿಗೆ ಬಸ್ಸಿನಲ್ಲಿ ಬಂದರು. ಫೋಟೋ ನೋಡಿದರು. ತಲೆ ಓರೆ ಮಾಡಿದರು. ಆಮೇಲೆ ಅದಕ್ಕೆ ಬೆನ್ನು ಹಾಕಿ, ಬಾಗಿ, ಕಾಲುಗಳ ನಡುವಿನಿಂದ ನೋಡಿದರು. ತಲೆಯ ಪಟಕಾ ಬಿದ್ದೀತೆಂದು ಶಾಂತವ್ವ ಬೈದರೂ ಏಳಲಿಲ್ಲ. ಹಿಂದಿದ್ದ ಇಬ್ಬರು ಕಾಲೇಜು ಹುಡುಗರೂ ಹಾಗೇ ನೋಡಬೇಕೇನೋ ಎಂದು ಬಾಗಿದರು.

"ಅಕ್ಕಾರ," ಎಂದರು ಮಲ್ಲಪ್ಪ, "ನಮ್ಮ ಸೋಮನ್ನ ಯಾಕ ಅಂಗಾತ ಹಾಕೀರಿ? ಸುಳಿ ಮಾರಿ ಕೆಳಗಾಗೇತಿ. ಮಂದಿ ಕೆಟ್ಟ ಸುಳಿ ಎತ್ತು ಅಂತಾರ."

ಎತ್ತಿನ ಮಾನ ಅದರ ಸುಳಿಯಲ್ಲಿದೆ ಎಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ನನ್ನ ಮಾನ ಮಾತ್ರ ಮರುಭೂಮಿಯಲ್ಲಿತ್ತು. ಅತಿಥಿಗಳು ಕಪ್ಪು ಹಿಡಿದು ನಮ್ಮತ್ತಲೇ ಬರುತ್ತಿದ್ದರು. ಬಹುಮಾನ ಆಗುವವರೆಗೆ ತಡೆಯಿರಿ ಎಂದು ಪಿಸುಗುಟ್ಟಿದೆ.

"ನಿಮ್ಮನ್ನ ಯಾರರ ಕಾಲ್ ಮ್ಯಾಲ ಮಾಡಿ ತೂಗಹಾಕಿದ್ರ ತಡೀತಿದ್ರೇನ್ರಿ?" ಎಂದರು ಶಾಂತವ್ವ.

ಫ್ರೇಮ್ ತೆಗೆದು ಅತಿಥಿಗಳೆದುರೇ ತಿರುಗಿಸಿ ಹಾಕಿದೆ. ಮರುಭೂಮಿ ಹೋಗಿ ಹೊಟ್ಟೆ ಬಂತು. ಅವರು ಬಹಳ ಹೊತ್ತು ನೋಡಿ, ಮೊದಲಿನದೇ ಡೀಪ್ ಆಗಿತ್ತು ಎಂದರು. ಕಪ್ಪು ಆಡಿನ ಹಿಂದಿನ ಗುಮ್ಮಟಕ್ಕೆ ಹೋಯಿತು. ಶಾಂತವ್ವ ಸಂಚಿಯಿಂದ ಕುಂಕುಮ ತೆಗೆದು ಫ್ರೇಮಿನ ಮೇಲಂಚಿಗೆ ಹಚ್ಚಿದರು, ಇನ್ನು ಯಾರೂ ತಪ್ಪಬಾರದೆಂದು. ಮಲ್ಲಪ್ಪ ಸಂಜೆಯವರೆಗೆ ಅದರ ಪಕ್ಕ ನಿಂತು, ಬಂದವರಿಗೆಲ್ಲ ಸುಳಿ ತೋರಿಸಿದರು. ಗುಮ್ಮಟಗಳ ಕಡೆ ಯಾರೂ ಹೋಗಲಿಲ್ಲ.

ಮೊಮ್ಮಗಳು ಇನ್ನೂ ಫ್ರೇಮ್ ಹಿಡಿದೇ ನಿಂತಿದ್ದಳು. ಕೆಳಗೆ ನನ್ನ ಹೆಸರು ಹಾಕುತ್ತಾಳಂತೆ. ಈ ವಯಸ್ಸಿನಲ್ಲೂ, ನಾಚಿಕೆಗೆಟ್ಟ ನಾಲಿಗೆ, ಥ್ಯಾಂಕ್ಯೂ ಎನ್ನಲು ಎದ್ದಿತ್ತು. ಕಚ್ಚಿಕೊಂಡು ಫ್ರೇಮ್ ತಿರುಗಿಸಿ ಕೊಟ್ಟೆ.

ಅವಳು ಹುಬ್ಬು ಗಂಟಿಕ್ಕಿದಳು. "ಅಜ್ಜಿ, ಇದು ಯಾರದೋ ಹೊಟ್ಟಿ ಇದ್ದಂಗೈತಲ್ಲ."

"ಸೋಮಂದು," ಎಂದೆ. "ಕುಂಕುಮ ಮ್ಯಾಲ ಬರಬೇಕು, ನೆನಪಿಟ್ಕೋ."