ಉದುರಿಹೋದ ‘ಅಲ್ಲ’

ನಮ್ಮ ಆಸ್ಪತ್ರೆಯ ದಾಖಲೆ ಕೋಣೆಯ ಟೈಪಿಸ್ಟ್ ಮೇಡಂಗೆ ಎಲ್ಲರೂ ಸೇರಿ ಇಟ್ಟ ಹೆಸರು ಭೂತಗನ್ನಡಿ. ಡ್ರಾಯರಿಗೆ ಬೀಗ ಹಾಕಿ ಮೂರು ಸಲ ಎಳೆದು ನೋಡುತ್ತಿದ್ದರು. ಮೆಟ್ಟಿಲಿಳಿದವರು ಮತ್ತೆ ಹತ್ತಿ ಬಂದು ನಾಲ್ಕನೆಯ ಸಲ ಎಳೆಯುತ್ತಿದ್ದರು. ಗೋಡೆ ಗಡಿಯಾರವನ್ನು ಕೈಗಡಿಯಾರದ ಜೊತೆ ತಾಳೆ ನೋಡಿ, ಕೊನೆಗೆ ಎರಡನ್ನೂ ನಂಬುತ್ತಿರಲಿಲ್ಲ. ಯಾರಾದರೂ ನಗುತ್ತಾ ಮಾತಾಡಿಸಿದರೆ “ಏನೋ ಬೇಕಾಗಿದೆ ಇವ್ರಿಗೆ” ಎಂದು ಕುರ್ಚಿಯನ್ನು ಹಿಂದೆ ಸರಿಸಿಕೊಳ್ಳುತ್ತಿದ್ದರು. ನಾನು ಕಂಪ್ಯೂಟರಿನವನು, ನನ್ನ ಮೇಲಂತೂ ಎರಡು ಪಟ್ಟು ಅನುಮಾನ. ನನಗೂ ಅವರನ್ನು ಕಂಡರೆ ಅಷ್ಟಕ್ಕಷ್ಟೇ.

ಹಳೆಯ ಕಡತಗಳನ್ನು ಹೊಸ ಸಾಫ್ಟ್‌ವೇರಿಗೆ ಸಾಗಿಸುವ ಕೆಲಸ ನನ್ನ ತಲೆಗೆ ಬಿದ್ದಿತ್ತು. ಅವೆಲ್ಲ ಎಕ್ಸ್‌ಎಂಎಲ್ ಫೈಲುಗಳು. ಇದು ಪ್ರಶ್ನೆ, ಇದು ಉತ್ತರ ಎಂದು ಪ್ರತಿ ಮಾತಿನ ಹಿಂದೆ ಮುಂದೆ ಒಂದೊಂದು ಟ್ಯಾಗು. ಟ್ಯಾಗು ಬಿಟ್ಟು ಒಳಗಿನ ಪಠ್ಯವನ್ನಷ್ಟೇ ಎತ್ತಿಕೊಳ್ಳಲು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಒಂದು ಪ್ರೋಗ್ರಾಂ ಬರೆದೆ. ಹತ್ತು ಫೈಲು ತೆರೆದು ನೋಡಿದೆ, ಸರಿಯಿತ್ತು. ಮಿಕ್ಕ ಸಾವಿರಾರು ಫೈಲುಗಳನ್ನು ಒಂದೇ ಮಧ್ಯಾಹ್ನದಲ್ಲಿ ಸಾಗಿಸಿ ಎಲ್ಲರೆದುರು ಬೀಗಿದೆ.

ಮರುವಾರ ನಮ್ಮ ನರ್ಸಮ್ಮನಿಗೆ ಮುಖ್ಯ ನರ್ಸ್ ಆಗುವ ಸರದಿ ಬಂತು. ಇವರು ಭೂತಗನ್ನಡಿಯ ಓರಗಿತ್ತಿ. ಒಂದೇ ಮನೆಗೆ ಸೊಸೆಯರಾಗಿ ಬಂದ ದಿನದಿಂದ ಇಬ್ಬರಿಗೂ ಎಣ್ಣೆ ಸೀಗೆಕಾಯಿ. ಬಡ್ತಿಗೆ ಮುಂಚೆ ಮೇಲಿನವರು ಹಳೆಯ ವಿಚಾರಣೆಯೊಂದರ ಕಡತ ತರಿಸಿದರು. ಒಂಬತ್ತು ವರ್ಷದ ಹಿಂದೆ ಒಬ್ಬ ರೋಗಿಗೆ ಯಾರೋ ತಪ್ಪು ಔಷಧಿ ಕೊಟ್ಟಿದ್ದರು, ಅನುಮಾನ ನರ್ಸಮ್ಮನ ಮೇಲೆ ಬಂದಿತ್ತು. ವಾರ್ಡಿನ ಆಯಾ ಕೊಟ್ಟ ಹೇಳಿಕೆಯಿಂದ ನರ್ಸಮ್ಮ ಆಗ ಪಾರಾಗಿದ್ದರು. ಆಯಾ ಈಗ ಬದುಕಿಲ್ಲ. ನನ್ನ ಪ್ರಿಂಟಿನಲ್ಲಿ ಆ ಹೇಳಿಕೆ ಹೀಗಿತ್ತು: ‘ಔಷಧಿ ಕೊಟ್ಟಿದ್ದು ಈ ನರ್ಸ್’.

ಹಾಗಿದ್ದರೆ ಅವತ್ತು ಇವರನ್ನು ಬಿಟ್ಟದ್ದು ಹೇಗೆ, ಯಾರ ಕೈವಾಡ ಎಂದು ಗುಸುಗುಸು ಶುರುವಾಯಿತು. ಶುಕ್ರವಾರ ಸಮಿತಿ ಕೂರುತ್ತದೆ, ಬಡ್ತಿ ಹಾಗಿರಲಿ, ಇರುವ ಕೆಲಸವೂ ಹೋಗುತ್ತದೆ ಎಂಬ ಸುದ್ದಿ ಹಬ್ಬಿತು. ಸೋಮವಾರ ಬೆಳಗ್ಗೆ ನರ್ಸಮ್ಮ ನಮ್ಮ ಕೋಣೆಗೆ ನುಗ್ಗಿದರು.

“‘ಈ ನರ್ಸ್ ಅಲ್ಲ’ ಅಂತ ಆಯಾ ನನ್ನೆದುರಿಗೇ ಹೇಳಿದ್ದು! ಆ ‘ಅಲ್ಲ’ ಎಲ್ಲಿ ಹೋಯ್ತು? ಇದನ್ನ ಟೈಪ್ ಮಾಡಿದ್ಯಾರು?”

ಟೈಪ್ ಮಾಡಿದ್ದು ಭೂತಗನ್ನಡಿ. ಎಲ್ಲರ ಕಣ್ಣೂ ಅವರ ಕಡೆ ತಿರುಗಿತು.

“ಯಾಕಕ್ಕಾ, ನನ್ನ ಮೇಲಿನ ಹೊಟ್ಟೆಕಿಚ್ಚು ಇನ್ನೂ ಆರ್ಲಿಲ್ವಾ?” ಎಂದರು ನರ್ಸಮ್ಮ.

ನಾನು ಸುಮ್ಮನಿರಬಹುದಿತ್ತು. “ಮೆಷೀನಿಗೆ ಹೊಟ್ಟೆಕಿಚ್ಚು ಇರಲ್ಲಪ್ಪ. ಇದ್ದದ್ದನ್ನ ಇದ್ದ ಹಾಗೆ ಕೊಡುತ್ತೆ” ಎಂದುಬಿಟ್ಟೆ. ಭೂತಗನ್ನಡಿ ತಲೆ ತಗ್ಗಿಸಿ ಡ್ರಾಯರಿನ ಬೀಗ ಎಳೆದು ನೋಡತೊಡಗಿದರು. ಅದನ್ನು ನೋಡಿ ಇವರದೇ ಕೆಲಸ ಎಂದು ನನಗೆ ಖಾತ್ರಿಯಾಯಿತು. ಮೂರು ದಿನ ಊಟದ ಹೊತ್ತಿನಲ್ಲಿ ಅವರ ಪಕ್ಕ ಯಾರೂ ಕೂರಲಿಲ್ಲ. ನನಗೆ ಒಳಗೊಳಗೇ ಖುಷಿಯಾಗಿತ್ತು, ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಗುರುವಾರ ಮಧ್ಯಾಹ್ನ ಭೂತಗನ್ನಡಿ ಆ ಪ್ರಿಂಟು ಹಿಡಿದು ನನ್ನ ಮೇಜಿಗೆ ಬಂದರು.

“ಏನಪ್ಪಾ, ಇಲ್ಲಿ ಚುಕ್ಕಿ ಎಲ್ಲಿ?”

“ಯಾವ ಚುಕ್ಕಿ ಮೇಡಂ?”

“ಪೂರ್ಣವಿರಾಮ. ಮಿಕ್ಕ ಸಾಲಿಗೆಲ್ಲಾ ಇದೆ, ಇದೊಂದಕ್ಕೆ ಇಲ್ಲ.”

“ಅಯ್ಯೋ, ಒಂದು ಚುಕ್ಕಿ ತಾನೇ, ಬಿಡಿ.”

“ಬಿಡೋದಾ? ನಾನು ಬೇಕಂತ್ಲೇ ‘ಅಲ್ಲ’ ತೆಗೆದಿದ್ರೂ ಚುಕ್ಕಿ ಇಟ್ಟೇ ಇಡ್ತಿದ್ದೆ. ಸರ್ವೀಸಲ್ಲಿ ಒಂದು ಸಾಲನ್ನೂ ಬೋಳು ಬಿಟ್ಟವಳಲ್ಲ ನಾನು. ಹಳೇ ಫೈಲು ತೆಗಿ.”

ಬಾಯಿ ಮುಚ್ಚಿಸೋಣ ಎಂದು ಮೂಲ ಫೈಲು ತೆರೆದೆ. ‘ಔಷಧಿ ಕೊಟ್ಟಿದ್ದು <ಹೆಸರು>ಈ ನರ್ಸ್</ಹೆಸರು> ಅಲ್ಲ.’ ಎಂದಿತ್ತು. ವಿಚಾರಣೆಯ ಫೈಲುಗಳಲ್ಲಿ ಮಾತ್ರ, ಹುಡುಕಲು ಸುಲಭವಾಗಲಿ ಎಂದು, ಉತ್ತರದ ಟ್ಯಾಗಿನೊಳಗೆ ವ್ಯಕ್ತಿಯನ್ನು ಸೂಚಿಸುವ ಮಾತಿಗೆ ‘ಹೆಸರು’ ಎಂಬ ಇನ್ನೊಂದು ಟ್ಯಾಗು ಹಾಕಿದ್ದರು. ನಾನು ನೋಡಿದ ಹತ್ತರಲ್ಲಿ ಅಂಥದ್ದು ಒಂದೂ ಇರಲಿಲ್ಲ. ಒಳಟ್ಯಾಗಿನ ಮುಂಚಿನ ಪಠ್ಯ ಕೊಡು ಎಂದು ಪ್ರೋಗ್ರಾಂನಲ್ಲಿ ಕೇಳಿದ್ದೆ, ಅದರೊಳಗಿನ ಪಠ್ಯ ಕೇಳಿದ್ದೆ. ಅದು ಮುಚ್ಚಿದ ಮೇಲೆ ಉಳಿಯುವ ಮಾತಿಗೆ ಪೈಥಾನಿನಲ್ಲಿ ಬೇರೆಯೇ ಹೆಸರಿದೆ: ಟೇಲ್, ಬಾಲ. ಅದನ್ನು ಪ್ರತ್ಯೇಕವಾಗಿ ಕೇಳಬೇಕು, ನಾನು ಕೇಳಿರಲಿಲ್ಲ. ನಮ್ಮ ಮಾತಿನಲ್ಲೋ ‘ಅಲ್ಲ’ ಬಂದು ಕೂರುವುದೇ ಕೊನೆಯಲ್ಲಿ.

ತಡವರಿಸುತ್ತಾ ಇಷ್ಟನ್ನೂ ಹೇಳಿದೆ. “ಅಷ್ಟೊಂದು ಬಾಲ ಬಿಚ್ತಿದ್ದೆ, ಬಾಲ ಇರೋದೇ ಮರೆತುಹೋಯ್ತಾ?” ಎಂದರು. ಪಠ್ಯವನ್ನೆಲ್ಲ ಬಾಲ ಸಮೇತ ಕೊಡುವ ಇಟರ್‌ಟೆಕ್ಸ್ಟ್ ಎಂಬ ಆದೇಶ ಬಳಸಿ ಪ್ರೋಗ್ರಾಂ ತಿದ್ದಿದೆ. ಹೊಸ ಪ್ರಿಂಟನ್ನು ಅವರು ಪದಕ್ಕೆ ಪದ ತಾಳೆ ನೋಡಿದ ಮೇಲೆ ಸಮಿತಿಯ ಹಿರಿಯರ ಬಳಿಗೆ ಓಡಿದೆ, ತಪ್ಪು ನನ್ನದೆಂದು ಬರೆದುಕೊಟ್ಟೆ. ಅವರು ನರ್ಸಮ್ಮನ ಕಡತವನ್ನು ಅಲ್ಲೇ ಮುಚ್ಚಿದರು.

ಸುದ್ದಿ ತಿಳಿದ ನರ್ಸಮ್ಮ ಏದುಸಿರು ಬಿಡುತ್ತಾ ಬಂದು ಓರಗಿತ್ತಿಯ ಕೈ ಹಿಡಿದುಕೊಂಡರು. “ತಪ್ಪಾಯ್ತು ಅಕ್ಕಾ. ನಿಮ್ಮ ಮೇಲೆ ಅನುಮಾನ ಪಟ್ಟುಬಿಟ್ಟೆ.”

ಭೂತಗನ್ನಡಿ ಕೈ ಬಿಡಿಸಿಕೊಳ್ಳಲಿಲ್ಲ.

“ನೀನೊಬ್ಳೇ ಅಲ್ಲ ಕಣೇ. ಆಗ ನಿನ್ನ ಕಂಡ್ರೆ ಮೈ ಉರೀತಿತ್ತು ನಂಗೆ. ಅವತ್ತು ಟೈಪ್ ಮಾಡಿದ್ದು ನೆನಪಿದೆ, ಆ ‘ಅಲ್ಲ’ ಒತ್ತಿದ್ದು ಮಾತ್ರ ನೆನಪಿಲ್ಲ. ನಾನೇ ಬೇಕಂತ ಬಿಟ್ಟಿದ್ನೇನೋ ಅಂತ ಮೂರು ದಿನದಿಂದ ಗಂಟಲಲ್ಲಿ ತುತ್ತು ಇಳಿದಿಲ್ಲ.”