ಬರಕ್ಕೆ ಜಗ್ಗದ ಗಿಡಗಳ ನರ್ಸರಿಯವನು

ವಾರಕ್ಕೆ ಎರಡೇ ದಿನ ನೀರು ಬರುವ ನಮ್ಮ ಬಡಾವಣೆಯಲ್ಲಿ ನನ್ನ ಪತ್ನಿ ನೆಟ್ಟ ಹನ್ನೊಂದು ಗಿಡಗಳು ಒಣಗಿದ ಮೇಲೆ, ಬದುಕುವ ಗಿಡವನ್ನರಸಿ ನಾವು ಏಳು ನರ್ಸರಿಗಳನ್ನು ಅಲೆದೆವು. ‘ಈ ನೆಲದ ಗಿಡ, ಬರಕ್ಕೆ ಜಗ್ಗದು’ ಎಂಬ ಫಲಕವಿದ್ದುದು ಎಂಟನೆಯವನಲ್ಲಿ ಮಾತ್ರ. ಆತ ಪ್ರತಿ ಗಿಡದ ವಂಶಾವಳಿಯನ್ನು ಹೇಳಿಯೇ ಕುಂಡ ಮುಟ್ಟಲು ಬಿಡುತ್ತಾನೆ. ವಿದೇಶಿ ಹೂ ಕೇಳಿದವರಿಗೆ ಎದುರಂಗಡಿಯ ಪ್ಲಾಸ್ಟಿಕ್ ಹೂ ತೋರಿಸಿ, “ಅದನ್ನ ತಗೊಳ್ಳಿ ಸಾರ್, ಸಾಯೋದೇ ಇಲ್ಲ” ಎನ್ನುತ್ತಾನೆ. ಇಂಥವನು ತನ್ನ ಗಿಡಗಳಿಗೆ ದಿನಕ್ಕೆರಡು ಬಾರಿ ನೀರುಣಿಸುವುದನ್ನು ನಾನು ಮೂರು ದಿನ ಹೋಗಿ ಖಚಿತಪಡಿಸಿಕೊಂಡೆ. ನಾಲ್ಕನೆಯ ದಿನ, ಇದು ಶುದ್ಧ ವಂಚನೆಯೆಂದು ಬಿಸಿಲಿನಲ್ಲೇ ನಿಂತು ಅರ್ಧ ಗಂಟೆ ವಾದಿಸಿದೆ. “ತಡ್ಕೊಳ್ಳುತ್ತೆ ಅಂತ ಬಾಯಾರಿಸ್ಬೇಕಾ, ಯಜಮಾನ್ರೇ?” ಎಂದವನೇ, ಅಷ್ಟು ಹೊತ್ತೂ ನನ್ನ ಹಿಂದೆ ಸುಮ್ಮನೆ ನಿಂತಿದ್ದ ನನ್ನ ಪತ್ನಿಯತ್ತ ತನ್ನ ಸ್ಟೂಲನ್ನು ಸರಿಸಿ, “ನೀವು ಕೂತ್ಕೊಳ್ಳಿ, ಅಮ್ಮಾ” ಎಂದ.